ಆಳಿಗೂ ಒಂದು ಆಸೆಯುಂಟು

ಅಮೆರಿಕದ ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಸಣ್ಣ ಕಾದಂಬರಿಯನ್ನು ಆಳು ಇಟ್ಟು ದುಡಿಸುವವರೆಲ್ಲ ಓದಬೇಕು. ಲೇಖಕರೂ ಹೊಲದಲ್ಲಿ ಕೂಲಿ ಮಾಡಿದವರೇ. ಕ್ಯಾಲಿಫೋರ್ನಿಯಾದ ಜಮೀನೊಂದಕ್ಕೆ ಬಾರ್ಲಿ ಮೂಟೆ ಹೊರಲು ಬಂದ ಜಾರ್ಜ್, ಲೆನ್ನಿ ಇಬ್ಬರಿಗೂ ಊರಿಲ್ಲ, ಮನೆಯಿಲ್ಲ. ತಿಂಗಳಿಗೆ 50 ಡಾಲರ್ ಸಂಬಳ. 10 ಎಕರೆ ಕೊಂಡು ಮೊಲ ಸಾಕುವುದೊಂದೇ ಅವರ ಆಸೆ. ಅದೇ ಜಮೀನಿನಲ್ಲಿ ಕೈ ಕಳೆದುಕೊಂಡ ಮುದುಕ ಕ್ಯಾಂಡಿಗೆ ಸಿಕ್ಕ ಪರಿಹಾರ 250 ಡಾಲರ್. ಅವನ ಮುದಿನಾಯಿಯನ್ನು ಗುಂಡಿಕ್ಕಿ ಕೊಂದಾಗ, ನಾಳೆ ತನ್ನ ಗತಿಯೇನೆಂದು ಅವನು ಅಂಜುತ್ತಾನೆ. ಲಾಯದ ಆಳು ಕ್ರೂಕ್ಸ್ ಕಪ್ಪು ಜನಾಂಗದವನೆಂದು ಉಳಿದವರ ಕೊಠಡಿಗೆ ಸೇರಿಸುವುದಿಲ್ಲ.

ನಮ್ಮಲ್ಲಿಯೂ ಕಬ್ಬು ಕಡಿಯಲು ದೂರದಿಂದ ಬರುವವರಿದ್ದಾರೆ. ಕೂಲಿ ಕೊಟ್ಟರೆ ಮುಗಿಯಲಿಲ್ಲ. ಹೆಸರು ಹಿಡಿದು ಕರೆಯಿರಿ, ಊರುಮನೆ ವಿಚಾರಿಸಿರಿ, ಗಾಯವಾದರೆ ಆಸ್ಪತ್ರೆಗೆ ಕರೆದೊಯ್ಯಿರಿ.