ಹಳೆಯ ಟ್ಯಾಂಕಿಗೆ ಕೊಂಡಿ ಎಲ್ಲಿಂದ?

ನಮ್ಮ ಎಕಂಬಾದ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಹ್ಮದ್‌ನಗರಕ್ಕೆ ಪ್ರವಾಸ ಹೋಗಿದ್ದೆವು. 2024ರಿಂದ ಆ ಊರಿನ ಹೆಸರು ಅಹಿಲ್ಯಾನಗರ. ಅಲ್ಲಿ ಸೇನೆಯವರು 1994ರಲ್ಲಿ ತೆರೆದ ಟ್ಯಾಂಕ್ ವಸ್ತುಸಂಗ್ರಹಾಲಯವಿದೆ. ಮಕ್ಕಳೆಲ್ಲ ಫಿರಂಗಿಯ ನಳಿಗೆಯ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಒಂಬತ್ತನೇ ತರಗತಿಯ ಒಬ್ಬ ಹುಡುಗ ಮಾತ್ರ ಕುಕ್ಕರುಗಾಲಿನಲ್ಲಿ ಕುಳಿತು ಚೈನಿನ ಕೊಂಡಿಗಳನ್ನು ನೋಡುತ್ತಿದ್ದ. ನನ್ನನ್ನು ಕಂಡು, "ಸರ, ಇದು ಕೆಟ್ರ ಸಾಮಾನ ಎಲ್ಲಿ ಸಿಗತದ್ರಿ?" ಎಂದು ಕೇಳಿದ. ಅವನ ತಂದೆ ಟ್ರ್ಯಾಕ್ಟರ್ ಮೆಕ್ಯಾನಿಕ್. ಆ ಮನೆಯಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಅದು. ನನಗೆ ಮಾತ್ರ ಥಟ್ಟನೆ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡದ್ದನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಟ್ಯಾಂಕುಗಳು ನಮ್ಮ ಜಿಲ್ಲೆಗೆ ಅಪರಿಚಿತವೇನಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸೋಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದಾಗ ನಳದುರ್ಗ, ಉಮರ್ಗಾ, ಹುಮನಾಬಾದ್ ದಾರಿಯಲ್ಲಿ ಟ್ಯಾಂಕುಗಳೂ ಬಂದವು. ಷರ್ಮನ್, ಸ್ಟುವರ್ಟ್ ಎಂಬ ಅಮೆರಿಕದ ಟ್ಯಾಂಕುಗಳು ಅವು. ಎರಡನೇ ಮಹಾಯುದ್ಧದ ಕಾಲದಲ್ಲಿ ತಯಾರಾದವು. ಇಂದು ಅವನ್ನು ತಯಾರಿಸುವವರು ಯಾರೂ ಇಲ್ಲ. ಆದರೂ ಜಗತ್ತಿನ ಹಲವೆಡೆ ಅಂಥ ಟ್ಯಾಂಕುಗಳನ್ನು ಓಡುವ ಸ್ಥಿತಿಗೆ ತಂದು ನಿಲ್ಲಿಸಿದವರಿದ್ದಾರೆ. ಹೇಗೆ?

ಮೊದಲನೆಯ ದಾರಿ, ಯಂತ್ರದ ನೆಂಟರನ್ನು ಹುಡುಕುವುದು. ಯುದ್ಧಕಾಲದಲ್ಲಿ ಟ್ಯಾಂಕಿಗೆಂದೇ ಹೊಸ ಎಂಜಿನ್ ರೂಪಿಸಲು ಅನೇಕರಿಗೆ ಬಿಡುವಿರಲಿಲ್ಲ. ಕೈಗೆ ಸಿಕ್ಕಿದ್ದನ್ನೇ ಕೂರಿಸಿದರು. ಬ್ರಿಟಿಷರ ಮಟಿಲ್ಡಾ ಟ್ಯಾಂಕಿನೊಳಗೆ ಎರಡು ಬಸ್ಸಿನ ಡೀಸೆಲ್ ಎಂಜಿನ್‌ಗಳಿದ್ದವು. ಸ್ಟುವರ್ಟ್‌ನ ಒಂದು ಮಾದರಿಯಲ್ಲಿ ಕ್ಯಾಡಿಲಾಕ್ ಕಾರಿನ ಎರಡು ಎಂಜಿನ್‌ಗಳು. ಷರ್ಮನ್‌ನ ಒಂದು ಮಾದರಿಯಲ್ಲಂತೂ ಕಾರಿನ ಐದು ಎಂಜಿನ್‌ಗಳನ್ನು ಸುತ್ತಲೂ ಜೋಡಿಸಿ, 30 ಸಿಲಿಂಡರುಗಳ ಒಂದೇ ಎಂಜಿನ್ ಮಾಡಿದ್ದರು! 1965ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಸೆಂಚೂರಿಯನ್ ಟ್ಯಾಂಕಿನ ಮೀಟಿಯರ್ ಎಂಜಿನ್, ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಎಂಜಿನ್‌ನಿಂದ ಹುಟ್ಟಿದ್ದು. ಆದ್ದರಿಂದ ಟ್ಯಾಂಕಿನ ಭಾಗ ಬೇಕಾದವನು ಟ್ಯಾಂಕನ್ನೇ ಹುಡುಕಬೇಕಾಗಿಲ್ಲ. ಹಳೆಯ ಬಸ್ಸು, ಲಾರಿ, ಕಾರುಗಳ ವಂಶಾವಳಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಆದರೆ ನೆಂಟರೆಲ್ಲ ಒಂದೇ ಅಳತೆಯವರಲ್ಲ. ಅಂಗಡಿಯಲ್ಲಿ ಅರ್ಧ ಇಂಚಿನ ಎರಡು ಬೋಲ್ಟುಗಳನ್ನು ಪಕ್ಕಪಕ್ಕ ಇಟ್ಟರೆ ಅವಳಿಗಳಂತೆ ಕಾಣುತ್ತವೆ. ಒಂದು ಬ್ರಿಟಿಷ್ ವಿಟ್‌ವರ್ತ್ ಮಾದರಿಯದು, ಇನ್ನೊಂದು ಅಮೆರಿಕದ್ದು. ಮೊದಲನೆಯದರಲ್ಲಿ ಒಂದು ಇಂಚಿಗೆ 12 ಮರೆಗಳು, ಎರಡನೆಯದರಲ್ಲಿ 13. ಮರೆಯ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಮೊದಲು ಸಲೀಸಾಗಿ ತಿರುಗುತ್ತದೆ, ಆಮೇಲೆ ಬಿಗಿಯುತ್ತದೆ. ಅವಸರದವನು ಪಾನಾ ಹಾಕಿ ಒತ್ತಿ ತಿರುಗಿಸುತ್ತಾನೆ, ಎರಡರ ಮರೆಯೂ ಹಾಳಾಗುತ್ತದೆ. ತಿಳಿದವನು ನಿಲ್ಲಿಸಿ ಅಳೆಯುತ್ತಾನೆ. 'ಹೊಂದುತ್ತದೆ' ಮತ್ತು 'ಹೊಂದಿದಂತೆ ಕಾಣುತ್ತದೆ' ಇವೆರಡರ ನಡುವಿನ ಅಂತರವೇ ವಿಜ್ಞಾನ.

ಇನ್ನು ಹುಡುಗ ನೋಡುತ್ತಿದ್ದ ಚೈನಿನ ವಿಷಯ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರಕ್ಕೆ ಪಿಚ್ ಎನ್ನುತ್ತಾರೆ. ಷರ್ಮನ್‌ನಲ್ಲಿ ಇದು 6 ಇಂಚು, ಎಂದರೆ 152.4 ಮಿ.ಮೀ. ಸಾಮಾನ್ಯ ಷರ್ಮನ್‌ಗೆ ಒಂದು ಬದಿಗೆ 79 ಕೊಂಡಿಗಳು. 30 ಸಿಲಿಂಡರಿನ ಆ ಮಾದರಿಗೆ ಮಾತ್ರ 83. ಏಕೆಂದರೆ ದೊಡ್ಡ ಎಂಜಿನ್ ಹಿಡಿಸಲು ಅದರ ಒಡಲನ್ನೇ ಉದ್ದ ಮಾಡಬೇಕಾಯಿತು. ಒಂದು ಮಾದರಿಯ ಚೈನನ್ನು ಹಾಗೆಯೇ ತಂದು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಕೊಂಡಿ ಕೂಡಿಸಬೇಕು ಇಲ್ಲವೆ ಕಳೆಯಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿ ಪಿನ್ನಿನಲ್ಲಿ ಕೇವಲ 1 ಮಿ.ಮೀ. ಸವೆತವಾಯಿತು ಎನ್ನಿ. 79 ಕಡೆ ಸೇರಿ ಚೈನು 79 ಮಿ.ಮೀ. ಉದ್ದವಾಗುತ್ತದೆ. ಅಂದರೆ ಅರ್ಧ ಕೊಂಡಿಗಿಂತ ಹೆಚ್ಚು! ಚೈನು ಸಡಿಲಾಗಿ ಹಲ್ಲುಚಕ್ರದಿಂದ ಜಾರುತ್ತದೆ. ಹೊಸ ಕೊಂಡಿಯನ್ನೂ ಸವೆದ ಕೊಂಡಿಯನ್ನೂ ಬೆರೆಸಿ ಹಾಕಿದರೆ ಪಿಚ್ ಏರುಪೇರಾಗಿ, ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಇದ್ದುದರಲ್ಲಿ ಒಂದೇ ಸವೆತದ ಕೊಂಡಿಗಳನ್ನು ಅಳೆದು ಆರಿಸಿ ಜೋಡಿಸುತ್ತಾರೆ.

ಎಲ್ಲಿಯೂ ಸಿಗದಿದ್ದಾಗ ಉಳಿಯುವುದು ಹೊಸದಾಗಿ ಮಾಡಿಸುವ ದಾರಿ. ಇಲ್ಲಿ ಆಕಾರವಷ್ಟೇ ಸಾಲದು, ಲೋಹವೂ ಅದೇ ಆಗಬೇಕು. ಅನೇಕ ಟ್ಯಾಂಕುಗಳ ಕೊಂಡಿಗಳನ್ನು ಮ್ಯಾಂಗನೀಸ್ ಉಕ್ಕಿನಿಂದ ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಉಕ್ಕು ಇದು. ಸುಮಾರು ನೂರಕ್ಕೆ 12 ಭಾಗ ಮ್ಯಾಂಗನೀಸ್ ಇರುತ್ತದೆ. ಪೆಟ್ಟು ಬಿದ್ದಷ್ಟೂ ಇದರ ಮೇಲ್ಮೈ ಗಟ್ಟಿಯಾಗುತ್ತಾ ಹೋಗುತ್ತದೆ. ನಮ್ಮ ಕಡೆಯ ಕಲ್ಲು ಕ್ರಷರ್‌ಗಳ ದವಡೆಗೂ ಇದೇ ಉಕ್ಕು. ಸಾದಾ ಕಬ್ಬಿಣದಲ್ಲಿ ಅದೇ ಆಕಾರ ಮಾಡಿ ಹಾಕಿದರೆ ಬಣ್ಣ ಬಳಿದು ನಿಲ್ಲಿಸಲು ಚೆನ್ನ, ಓಡಿಸಲು ಅಲ್ಲ. ಚೈನಿನ ವಾಹನಗಳ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೋಲಾರ ಚಿನ್ನದ ಗಣಿಯ ಕಾರ್ಖಾನೆಯಲ್ಲಿ ಬುಲ್‌ಡೋಜರುಗಳು ತಯಾರಾಗುತ್ತವೆ.

ಬಿಚ್ಚಿ ಜೋಡಿಸುವ ವಿದ್ಯೆ ಯುದ್ಧವನ್ನೇ ತಿರುಗಿಸಿದ ಉದಾಹರಣೆಯೂ ಇದೆ, ಅದರ ಹಿಂದೆ ನಮ್ಮ ಕನ್ನಡ ನಾಡಿನವರಿದ್ದಾರೆ. 1948ರಲ್ಲೇ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಸೇನೆ ತಡೆದು ನಿಂತಿತ್ತು. ಎತ್ತರ ಸುಮಾರು 3,500 ಮೀಟರ್. ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅಲ್ಲಿಗೆ ಸ್ಟುವರ್ಟ್ ಟ್ಯಾಂಕು ಒಯ್ಯಲು ನಿರ್ಧರಿಸಿದರು. ದಾರಿಯ ಸೇತುವೆಗಳು ಭಾರ ತಾಳುವಂತಿರಲಿಲ್ಲ, ಶತ್ರುವಿಗೆ ಸುಳಿವೂ ಸಿಗಬಾರದು. ಟ್ಯಾಂಕಿನ ಮೇಲಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿ, ಕೊನೆಗೆ ಮತ್ತೆ ಜೋಡಿಸಿದರು. ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನಲ್ಲಿ ನೆಲೆಯಿರುವ ಎಂಜಿನಿಯರ್ ಪಡೆ, ದಾರಿ ಸಿದ್ಧಪಡಿಸಿತು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ದಾಟಿದವು. ನಕ್ಷೆ ಬರೆದವರ ಜೊತೆಗೆ ಪಾನಾ ಹಿಡಿದವರ ಗೆಲುವೂ ಅದು.

ಒಂದು ಎಚ್ಚರಿಕೆಯ ಮಾತು. ಹಳೆಯ ಯಂತ್ರ ಸಿಕ್ಕಿತೆಂದು ಮಕ್ಕಳು ಕೈ ಹಾಕಬಾರದು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಆ ಕಾಲದ ಮೀಟರುಗಳ ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಹೊಳಪಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಹೊಳೆಯುವ ರಾಸಾಯನಿಕ ಕೆಟ್ಟಿರುತ್ತದೆ, ರೇಡಿಯಂ ಹಾಗೆಯೇ ಇರುತ್ತದೆ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಗುಜರಿಯಲ್ಲಿ ಗುಂಡು, ಶೆಲ್ಲು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಈಗ ಪಾಲಕರಿಗೆ ಒಂದು ಮಾತು. ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ. ಸೇರುತ್ತೇನೆಂದ. ತಂದೆ ನನ್ನ ಬಳಿ ಬಂದು, "ನನ್ನಂಗ ಇವನ ಕೈನೂ ಎಣ್ಣಿ ಆಗೋದು ಬ್ಯಾಡ್ರಿ ಸರ, ನೀವೇ ಬುದ್ಧಿ ಹೇಳ್ರಿ" ಎಂದರು. ಹಿಂದೆ ನಾನೂ ಹಾಗೆಯೇ ಬುದ್ಧಿ ಹೇಳಿದವನು. ಅಂಕ ಕಡಿಮೆ ಬಂದವರಿಗೆ ಐ.ಟಿ.ಐ., ಜಾಣರಿಗೆ ಪಿ.ಯು. ಸೈನ್ಸ್ ಎಂದು ಎಷ್ಟೋ ಮಕ್ಕಳನ್ನು ತೂಗಿಬಿಟ್ಟಿದ್ದೇನೆ. ಅವರಲ್ಲಿ ಕೆಲವರು ಪಿ.ಯು.ನಲ್ಲೇ ನಿಂತುಹೋದರು. ಯಾರದು ಯಾವ ಅಳತೆ ಎಂದು ನೋಡದೆ ಪಾನಾ ಹಾಕಿ ಬಿಗಿದವನು ನಾನೇ.

ಈ ಸಲ ತಂದೆಗೆ ಇಷ್ಟೇ ಹೇಳಿದೆ: "ಎರಡು ವರ್ಷದ ಐ.ಟಿ.ಐ. ಮುಗಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ, ಅಲ್ಲಿಂದ ಎಂಜಿನಿಯರಿಂಗ್‌ಗೂ ದಾರಿಯಿದೆ. ಬಾಗಿಲು ಮುಚ್ಚುವುದಿಲ್ಲ. ನಿಮ್ಮ ಕೈಯ ಎಣ್ಣೆಯಲ್ಲಿ ಇಲ್ಲದ್ದು ಒಂದೇ, ಅಳತೆಯ ಲೆಕ್ಕ. ಅದನ್ನು ಅವನು ಕಲಿತು ಬರಲಿ." ಅವರು ಒಪ್ಪಿದರೋ ಇಲ್ಲವೋ ಇನ್ನೂ ತಿಳಿಯದು. ವಿಚಾರ ಮಾಡುತ್ತೇನೆ ಎಂದು ಹೇಳಿ ಹೋಗಿದ್ದಾರೆ.

ಮಾಡಿ ನೋಡಿ: ನಿಮ್ಮ ಸೈಕಲ್ಲಿನ ಚೈನಿನ ಪಿಚ್ ಅರ್ಧ ಇಂಚು. ಟೇಪು ಹಿಡಿದು ಒಂದು ಪಿನ್ನಿನ ನಡುವಿನಿಂದ 24 ಪಿನ್ನು ಎಣಿಸಿ ಅಳೆಯಿರಿ. ಹೊಸ ಚೈನಾದರೆ ಸರಿಯಾಗಿ 12 ಇಂಚು ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲುಚಕ್ರವೂ ಸವೆದಿರಬಹುದು. ಅಳೆದದ್ದನ್ನು ವಹಿಯಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಅಳೆದು ಹೋಲಿಸಿ ನೋಡಿ.