ಬೆಕ್ಕಿನ ಬಾಯನ್ನೂ ತೆರೆದು ನೋಡಿ
ಈ ವಾರ ಮದ್ದೂರಿನ ಔಷಧಿ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಬೆಕ್ಕಿನ ಬಾಯಿವಾಸನೆಗೆ ಮದ್ದು ಕೇಳುತ್ತಿದ್ದಳು. ಖುಷಿಯಾಯಿತು, ಏಕೆಂದರೆ ನಮ್ಮ ಕಡೆ ಬೆಕ್ಕಿನ ಬಾಯಿ ನೋಡುವವರೇ ಕಡಿಮೆ. ಮಂಡ್ಯ ಸೀಮೆಯ ರೈತ ಹಳ್ಳಿಕಾರ್ ಹೋರಿ ಕೊಳ್ಳುವಾಗ ತುಟಿ ಎತ್ತಿ ಹಲ್ಲೆಣಿಸುತ್ತಾನೆ. ಮಳವಳ್ಳಿಯ ಬಂಡೂರು ಟಗರಿಗೂ ಅದೇ ಪರೀಕ್ಷೆ. ಅಲ್ಲಿ ಬೆಲೆ ನಿಂತಿರುವುದೇ ಹಲ್ಲಿನ ಮೇಲೆ. ಇಲಿ ಹಿಡಿಯುವ ಬೆಕ್ಕನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಅದರ 30 ಹಲ್ಲು ಯಾರ ಲೆಕ್ಕಕ್ಕೂ ಇಲ್ಲ. ನಾತ ಬಂದರೆ ‘ಮೀನು ತಿಂದಿರಬೇಕು’ ಎಂದು ಸುಮ್ಮನಾಗುತ್ತೇವೆ. ಮೀನಿನ ವಾಸನೆ ಕೆಲ ಹೊತ್ತಿಗೆ ಹೋಗುತ್ತದೆ. ಹೋಗದೆ ಉಳಿಯುವುದು ಹೆಚ್ಚಾಗಿ ಹಲ್ಲಿನ ಬುಡದ ಕಿಟ್ಟದ್ದು, ಊದಿದ ಒಸಡಿನದ್ದು. ಮೂತ್ರದಂಥ ವಾಸನೆಯಾದರೆ ಮೂತ್ರಪಿಂಡದ ಮೇಲೆ, ಹಣ್ಣಿನಂಥ ಸಿಹಿ ವಾಸನೆಯಾದರೆ ಸಕ್ಕರೆ ಕಾಯಿಲೆಯ ಮೇಲೆ ಅನುಮಾನ, ತಡಮಾಡುವಂತಿಲ್ಲ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ: ಜೊಲ್ಲು ಸುರಿಸೀತು, ಒಂದೇ ದವಡೆಯಲ್ಲಿ ಅಗಿದೀತು, ಅಷ್ಟೇ. ನಮ್ಮ ಪೇಸ್ಟ್ ಹಚ್ಚಬೇಡಿ. ಬೆಕ್ಕು ಉಗುಳುವುದಿಲ್ಲ, ನುಂಗುತ್ತದೆ. ನಮ್ಮ ಹಲ್ಲುನೋವಿಗೆ ಒದಗುವ ಲವಂಗದೆಣ್ಣೆ ಅದಕ್ಕೆ ವಿಷ. ಬೆಕ್ಕಿಗೆಂದೇ ಮಾಡಿದ ಪೇಸ್ಟ್, ಮೆತ್ತನೆಯ ಬ್ರಷ್, ಮರಿಯಿದ್ದಾಗಿನಿಂದಲೇ ದಿನಕ್ಕೊಮ್ಮೆ ಉಜ್ಜುವ ರೂಢಿ, ಇವು ಸಾಕು. ಕಲ್ಲಿನಂತಾದ ಕಿಟ್ಟವನ್ನು ಮಾತ್ರ ಪಶುವೈದ್ಯರು ಅರಿವಳಿಕೆ ಕೊಟ್ಟೇ ತೆಗೆಯಬೇಕು. ಹಸುವಿನ ಮದ್ದಿಗೆಂದು ಪಶು ಆಸ್ಪತ್ರೆಗೆ ಹೊರಡುವ ದಿನ ಬೆಕ್ಕನ್ನೂ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗಿ.