ಡ್ರಮ್ಮು ಮಾಲಿಕರದು, ಸೊಳ್ಳೆ ಮಾತ್ರ ನಮ್ಮದೇ?



ಅಡಿಗೆಮನೆಯ ಹಿಂದಿನ ನೀರಿನ ಡ್ರಮ್ಮುಗಳಿಗೆ ಮುಚ್ಚಳ ಹಾಕಿಸಿರೆಂದು ಕೇಳಲು ನಾವಿಬ್ಬರು ಪುಣೆಯ ಒಬ್ಬ ಹೋಟೆಲು ಮಾಲಿಕರಲ್ಲಿಗೆ ಹೋದಾಗ ಅವರು ನಕ್ಕರು. "ಊರಿನಲ್ಲಿ ನಿಮಗೆ ಸೊಳ್ಳೆ ಕಚ್ಚಿರಲಿಲ್ಲವೇ?" ಎಂದರು. ಕಚ್ಚಿದೆ, ಸ್ವಾಮಿ. ಆದರೆ ಈಗ ನಾವಾಡುತ್ತಿರುವುದು ನಮ್ಮ ಹೆಂಗಸರ ಬಸಿರಿನ ಮಾತು.

ಝೀಕಾ ಎಂಬ ಹೆಸರನ್ನು ಪುಣೆಯವರು 2024ರ ಮಳೆಗಾಲದಲ್ಲಿ ಕೇಳಿದ್ದೀರಿ. ಸೋಂಕು ತಗಲಿದವರಲ್ಲಿ ಗರ್ಭಿಣಿಯರೂ ಇದ್ದರು. 1947ರಲ್ಲಿ ಉಗಾಂಡಾದ ಝೀಕಾ ಕಾಡಿನಲ್ಲಿ ಒಂದು ಮಂಗನ ರಕ್ತದಲ್ಲಿ ಸಿಕ್ಕಿದ ವೈರಾಣು ಇದು. ಐವರಿಗೆ ತಗಲಿದರೆ ನಾಲ್ವರಿಗೆ ಗೊತ್ತೇ ಆಗದು. ಉಳಿದವನಿಗೆ ಸಣ್ಣ ಜ್ವರ, ದದ್ದು, ಕಣ್ಣುಗೆಂಪು, ಕೀಲುನೋವು. ಹೀಗಾಗಿ ಬಹುಕಾಲ ಯಾರೂ ಲೆಕ್ಕಕ್ಕೆ ತರಲಿಲ್ಲ. 2015ರಲ್ಲಿ ಬ್ರೆಜಿಲಿನ ಈಶಾನ್ಯದಲ್ಲಿ, ನಳದ ನೀರು ನೆಚ್ಚುವಂತಿಲ್ಲದ ಬಡಕೇರಿಗಳಲ್ಲಿ, ತಲೆ ಚಿಕ್ಕದಾಗಿ ಮಿದುಳು ಬೆಳೆಯದ ಕೂಸುಗಳು ಹುಟ್ಟತೊಡಗಿದ ಮೇಲೆ ಜಗತ್ತಿಗೆ ಎಚ್ಚರವಾಯಿತು. ಬಸಿರಿನಲ್ಲಿ ಸೋಂಕಾದ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 5ರಿಂದ 15ಕ್ಕೆ ತೊಂದರೆ ಕಾಣುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆಯಿಲ್ಲ, ಇದಕ್ಕೆಂದೇ ಔಷಧವೂ ಇಲ್ಲ.

2016ರ ಜನವರಿಯಲ್ಲಿ ಎಲ್ ಸಾಲ್ವಡಾರ್ ಸರಕಾರ ತನ್ನ ಹೆಂಗಸರಿಗೆ ಕೊಟ್ಟ ಸಲಹೆ ಏನು ಗೊತ್ತೇ? 2018ರವರೆಗೆ ಬಸಿರಾಗಬೇಡಿರಿ! ನೀರು ಹಿಡಿದಿಡುವ ಗತಿ ಬಡವರಿಗೆ ಏಕೆ ಬಂತೆಂದು ಕೇಳುವುದಕ್ಕಿಂತ ಹೆಣ್ಣಿಗೆ ಉಪದೇಶ ಹೇಳುವುದು ಸುಲಭ. ನಮ್ಮವರೂ ಕಡಿಮೆಯಿಲ್ಲ. ಕೂಸಿಗೆ ಊನವಾದರೆ ಗ್ರಹಣದ ಹೊತ್ತಿಗೆ ಹೊರಗೆ ಬಂದಳು, ಕತ್ತರಿ ಹಿಡಿದಳು ಎಂದು ಸೊಸೆಯ ತಲೆಗೇ ಕಟ್ಟುತ್ತೇವೆ.

ಗಂಡಸರ ಪಾಲೂ ಇದೆ. ಈ ವೈರಾಣು ವೀರ್ಯದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹೋಟೆಲಿನ ಅಟ್ಟದ ಮೇಲೆ ಮಲಗಿ, ಜ್ವರವೇ ಕಾಣದೆ ರಜೆಯಲ್ಲಿ ಕುಂದಾಪುರಕ್ಕೆ ಹೋದ ನಮ್ಮ ಹುಡುಗ, ಸೊಳ್ಳೆಯ ಹಂಗಿಲ್ಲದೆ ಅದನ್ನು ಹೆಂಡತಿಗೆ ದಾಟಿಸಬಲ್ಲ. ರೋಗ ಹಬ್ಬಿದ ಊರಿನಿಂದ ಹೋದವನು ಮೂರು ತಿಂಗಳು ನಿರೋಧ್ ಬಳಸಬೇಕು. ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯವರೆಗೂ. ಇಂಥದ್ದನ್ನು ಪತ್ರಿಕೆಯಲ್ಲಿ ಬರೆಯಬಾರದೆಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಈಗ ಮಾಲಿಕರ ಪಾಲು. 2024ರ ಜುಲೈ 3ರಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದದ್ದರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿರಿ, ಸೋಂಕಾದವರ ಗರ್ಭದ ಕೂಸಿನ ಬೆಳವಣಿಗೆಯ ಮೇಲೆ ಕಣ್ಣಿಡಿರಿ ಎಂದಿತ್ತು. ಮನೆಗಳ ಜೊತೆಗೆ ಕೆಲಸದ ಜಾಗಗಳಲ್ಲಿಯೂ ಸೊಳ್ಳೆಯ ತನಿಖೆಯಾಗಬೇಕೆಂದಿತ್ತು. ಹೋಟೆಲು ಕೆಲಸದ ಜಾಗವಲ್ಲವೇ? ನಮ್ಮ ಅಟ್ಟಕ್ಕೆ ಯಾವ ಇನ್ಸ್‌ಪೆಕ್ಟರು ಹತ್ತಿ ಬಂದ? ಇದು ಹಗಲು ಕಚ್ಚುವ ಸೊಳ್ಳೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದವನನ್ನೇ ಮೊದಲು ಹಿಡಿಯುತ್ತದೆ. ತಿಳಿನೀರಿನಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಸಾಲದು. ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಬೇಕು.

ತಿಕ್ಕಲು ನಾವು ತಯಾರು, ಆದರೆ ಡ್ಯೂಟಿಯ ಹೊತ್ತಿನಲ್ಲಿ. ರಾತ್ರಿ ಹನ್ನೊಂದರ ಮೇಲೆ ಪುಕ್ಕಟೆಯಾಗಿ ಅಲ್ಲ. ಮುಚ್ಚಳ ಮತ್ತು ಅಟ್ಟಕ್ಕೆ ಸೊಳ್ಳೆಪರದೆ ಮಾಲಿಕರ ಖರ್ಚು. ಪಾತ್ರೆ ತೊಳೆಯುವ ಬಸುರಿ ಹೆಂಗಸಿಗೆ ಜ್ವರವೋ ದದ್ದೋ ಕಂಡರೆ ರಕ್ತ, ಮೂತ್ರ ಪರೀಕ್ಷೆಗೆ ಹೋದ ದಿನದ ಪಗಾರ ಕಡಿಯಬಾರದು.

ಬರುವ ವಾರ ಅದೇ ಮಾಲಿಕರ ಗಲ್ಲಾದ ಮುಂದೆ ಮತ್ತೆ ನಿಲ್ಲುತ್ತೇವೆ. ಈ ಸಲ ಇಬ್ಬರೇ ಹೋಗುವುದಿಲ್ಲ.